ಸಿಂಪ್ಯೂಟರ್: ಒಂದು ಕಿರುಗಣಕದ ಉಪಯುಕ್ತತೆ ಮತ್ತು ಕಾರ್ಯಕ್ಷಮತೆಯ ಪರಿಶೀಲನೆ

ಯಂತ್ರವೊಂದರ ಗುಣದೋಷಗಳನ್ನು ನಿರ್ಣಯಿಸುವುದು ಗ್ರಂಥವೊಂದರ ಗುಣದೋಷಗಳನ್ನು ನಿರ್ಣಯಿಸುವುದಕ್ಕಿಂತ ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಗ್ರಂಥದ ವಿಷಯದಲ್ಲಿ ಕಾಲ, ಕರ್ತೃ, ಪಾಠ, ಪ್ರಕ್ಷೇಪಗಳೆಂಬ ತೊಡಕುಗಳುಂಟು. ಯಂತ್ರಕ್ಕಾದರೋ ವೇಗವನ್ನು ಅಳೆಯಬಹುದು, ತೂಕವನ್ನು ತೂಗಬಹುದು, ಬೆಲೆಯನ್ನು ಕೇಳಿ ತಿಳಿಯಬಹುದು. ಆದರೆ ಅಳೆಯಲು ಬರುವುದೆಲ್ಲ ಅಳೆಯಬೇಕಾದದ್ದೇ ಆಗಿರುವುದಿಲ್ಲ. ಯಾವ ಪ್ರಯೋಜನಕ್ಕಾಗಿ ಒಂದು ವಸ್ತು ನಿರ್ಮಿತವಾಯಿತೋ ಆ ಪ್ರಯೋಜನವನ್ನು ಬದಿಗಿಟ್ಟು ಮಾಡಿದ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ನಿರ್ಣಯಕ್ಕೆ ಆಧಾರವಾಗಲಾರದು.

ಬೆಂಗಳೂರಿನಲ್ಲಿ ರೂಪುಗೊಂಡ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಲಿನಕ್ಸ್ ಗಣಕ ಈ ಮಾತಿಗೆ ಉತ್ತಮ ನಿದರ್ಶನ. ಇದು ಇಂದು ಉತ್ಪಾದನೆಯಲ್ಲಿಲ್ಲ. ಇದರ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಕೇಳಿಬರುವುದು 'ಸೋತ ಪ್ರಯತ್ನ' ಎಂಬ ಒಂದೇ ಮಾತು. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸೋತದ್ದು ಯಾವುದು? ಯಂತ್ರದ ವೇಗವೋ, ಅದರ ಬಳಕೆಯ ಕ್ರಮವೋ, ಅದರ ಸುತ್ತ ಇರಬೇಕಾಗಿದ್ದು ಇಲ್ಲದೆಹೋದ ಸಾಮಗ್ರಿಯೋ? ಇವನ್ನು ಬಿಡಿಬಿಡಿಯಾಗಿ ನೋಡದೆ ಕೊಟ್ಟ ತೀರ್ಪು, ಪ್ರತಿಯನ್ನು ಬಿಚ್ಚದೆ ಕಟ್ಟಿನ ಮೇಲಿನ ಹೆಸರನ್ನಷ್ಟೇ ಓದಿ ಬರೆದ ಸೂಚಿಯಂತಾಗುತ್ತದೆ. ಹಸ್ತಪ್ರತಿಯ ವಿಷಯದಲ್ಲಿ ಮೊದಲು ಬಹಿರಂಗ ವಿವರ, ಅನಂತರ ಅಂತರಂಗ ಪರೀಕ್ಷೆ, ಕೊನೆಗೆ ನಿರ್ಣಯ ಎಂಬ ಕ್ರಮವುಂಟಷ್ಟೆ. ಪ್ರಕೃತ ಲೇಖನದಲ್ಲಿ ಅದೇ ಕ್ರಮವನ್ನು ಅನುಸರಿಸಲಾಗಿದೆ.

೧. ಹುಟ್ಟು ಮತ್ತು ಉದ್ದೇಶ

೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಜರುಗಿದ ಮಾಹಿತಿ ತಂತ್ರಜ್ಞಾನ ಮೇಳದ ಅಂಗವಾಗಿ, ಅಭಿವೃದ್ಧಿಶೀಲ ದೇಶಗಳಿಗೆ ಈ ತಂತ್ರಜ್ಞಾನದಿಂದ ಆಗಬೇಕಾದುದೇನೆಂಬ ಬಗೆಗೆ ಒಂದು ಅಂತರರಾಷ್ಟ್ರೀಯ ವಿಚಾರಸಂಕಿರಣ ನಡೆಯಿತು. ಸಿಂಪ್ಯೂಟರಿನ ಕಲ್ಪನೆ ಮೊಳೆತದ್ದು ಅಲ್ಲಿ. ೧೯೯೯ರ ನವೆಂಬರಿನಲ್ಲಿ ಏಳು ಮಂದಿ ವಿಜ್ಞಾನಿಗಳೂ ಇಂಜಿನಿಯರರೂ ಸೇರಿ ಲಾಭದ ಉದ್ದೇಶವಿಲ್ಲದ 'ಸಿಂಪ್ಯೂಟರ್ ಟ್ರಸ್ಟ್' ಅನ್ನು ಸ್ಥಾಪಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಇದರಲ್ಲಿ ಪ್ರಮುಖರು. ಉಳಿದವರು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು. ೨೦೦೧ರಲ್ಲಿ ಯಂತ್ರದ ಮೊದಲ ಮಾದರಿ ಸಾರ್ವಜನಿಕರ ಮುಂದೆ ಬಂದಿತು. ೨೦೦೪ರ ಏಪ್ರಿಲಿನಲ್ಲಿ ಪಿಕೊಪೆಟಾ ಸಂಸ್ಥೆಯೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಕೂಡಿ 'ಅಮಿಡಾ' ಎಂಬ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ತಂದವು.

ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ವಿಶೇಷಣಗಳು ಈ ಗಣಕದ ಹೆಸರಿನಲ್ಲಿಯೇ ಅಡಕವಾಗಿವೆ. ನಿರ್ಮಾತೃಗಳ ಮನಸ್ಸಿನಲ್ಲಿ ಇದ್ದ ಬಳಕೆದಾರ ಇಂಗ್ಲಿಷ್ ಬಲ್ಲ ಪಟ್ಟಣಿಗನಲ್ಲ. ಓದು ಬಾರದ, ಅಥವಾ ತನ್ನ ಭಾಷೆಯನ್ನು ಮಾತ್ರ ಓದಬಲ್ಲ ಗ್ರಾಮವಾಸಿ. ಅವನು ಗಣಕವನ್ನು ಕೊಳ್ಳಲಾರನೆಂಬುದನ್ನೂ ಅವರು ಮೊದಲೇ ಒಪ್ಪಿಕೊಂಡಿದ್ದರು. ಊರಿನ ಪಂಚಾಯಿತಿಯೋ ಶಾಲೆಯೋ ಅಂಗಡಿಯೋ ಒಂದು ಯಂತ್ರವನ್ನು ಇಟ್ಟುಕೊಂಡು, ಹಲವರು ಅದನ್ನು ಸರದಿಯಲ್ಲಿ ಬಳಸಬೇಕೆಂಬುದು ಯೋಜನೆ. ಯಂತ್ರದ ಪ್ರತಿಯೊಂದು ಅಂಗವನ್ನೂ ಈ ಉದ್ದೇಶದ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

೨. ಬಹಿರಂಗ ವಿವರ

ಯಂತ್ರದ ಹೃದಯ ಇಂಟೆಲ್ ಸಂಸ್ಥೆಯ 'ಸ್ಟ್ರಾಂಗ್‌ಆರ್ಮ್ ಎಸ್‌ಎ-೧೧೧೦' ಎಂಬ ಪ್ರೊಸೆಸರ್. ಅದರ ವೇಗ ೨೦೬ ಮೆಗಾಹರ್ಟ್ಸ್. ಕೆಲಸದ ಮೆಮೊರಿ ಮಾದರಿಗೆ ತಕ್ಕಂತೆ ೩೨ ಅಥವಾ ೬೪ ಮೆಗಾಬೈಟ್. ವಿದ್ಯುತ್ತು ಹೋದರೂ ಅಳಿಯದ ಫ್ಲಾಶ್ ಮೆಮೊರಿ ಅಮಿಡಾದಲ್ಲಿ ೩೨ ಮೆಗಾಬೈಟ್. ಪರದೆಯಲ್ಲಿ ಒಂದು ದಿಕ್ಕಿಗೆ ೩೨೦, ಇನ್ನೊಂದು ದಿಕ್ಕಿಗೆ ೨೪೦ ಚುಕ್ಕಿಗಳು. ಪರದೆಯನ್ನು ಕಡ್ಡಿಯಿಂದ ಮುಟ್ಟಿ ಆಜ್ಞೆ ಕೊಡಬೇಕು. ಪ್ರತ್ಯೇಕ ಕೀಲಿಮಣೆ ಇಲ್ಲ. ಇವುಗಳ ಜೊತೆಗೆ ಧ್ವನಿ ಹೊರಡಿಸುವ ಮತ್ತು ಗ್ರಹಿಸುವ ವ್ಯವಸ್ಥೆ, ಯು.ಎಸ್.ಬಿ. ಸಂಪರ್ಕ, ಸ್ಮಾರ್ಟ್ ಕಾರ್ಡನ್ನು ಓದಿ ಬರೆಯುವ ಸೀಳುಗಿಂಡಿ ಇವು ಇದ್ದವು. ಮೂಲ ವಿನ್ಯಾಸದಲ್ಲಿ ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ ಕೂಡ ಇತ್ತು. ಅಮಿಡಾದಲ್ಲಿ ಚಲನೆಯನ್ನು ಗುರುತಿಸುವ ಸಂವೇದಕವಿದ್ದು, ಯಂತ್ರವನ್ನು ಕೈಯಲ್ಲಿ ಓರೆಮಾಡಿದರೆ ಪುಟ ಮಗುಚುತ್ತಿತ್ತು. ಅಂಗೈ ಗಣಕಗಳಲ್ಲಿ ಆ ಕಾಲಕ್ಕೆ ಇದು ಅಪರೂಪದ ಸೌಲಭ್ಯ.

ಇವೆಲ್ಲವನ್ನೂ ನಡೆಸುತ್ತಿದ್ದುದು ಲಿನಕ್ಸ್ ಕಾರ್ಯವ್ಯವಸ್ಥೆ. ಲಿನಕ್ಸನ್ನು ಆರಿಸಲು ಎರಡು ಕಾರಣಗಳು ಸ್ಪಷ್ಟವಾಗಿವೆ. ಒಂದು, ಪ್ರತಿ ಯಂತ್ರಕ್ಕೂ ಪರವಾನಗಿ ಶುಲ್ಕವನ್ನು ತೆರಬೇಕಾಗಿಲ್ಲ. ಎರಡು, ಅದರ ಮೂಲಲೇಖ ಬಹಿರಂಗವಾಗಿರುವುದರಿಂದ ಕನ್ನಡದಂತಹ ಭಾಷೆಗೆ ಬೇಕಾದ ಅಕ್ಷರವಿನ್ಯಾಸವನ್ನು ಯಾರ ಅಪ್ಪಣೆಗೂ ಕಾಯದೆ ಸೇರಿಸಿಕೊಳ್ಳಬಹುದು. ಯಂತ್ರಾಂಗದ ವಿನ್ಯಾಸವನ್ನೂ ಟ್ರಸ್ಟ್ ಇದೇ ಮಾದರಿಯ ಒಂದು ಪರವಾನಗಿಯ ಅಡಿಯಲ್ಲಿ ಪ್ರಕಟಿಸಿತು.

೩. ವೇಗದ ಪ್ರಶ್ನೆ

೨೦೬ ಮೆಗಾಹರ್ಟ್ಸ್ ಎಂಬ ಸಂಖ್ಯೆಯನ್ನು ಇಂದಿನ ಗಣಕಗಳ ಪಕ್ಕದಲ್ಲಿಟ್ಟರೆ ಅದು ಅತ್ಯಲ್ಪವಾಗಿ ಕಾಣುತ್ತದೆ. ಆದರೆ ಸಮಕಾಲೀನ ಯಂತ್ರಗಳೊಡನೆ ಹೋಲಿಸುವುದೇ ನ್ಯಾಯ. ೨೦೦೦ದಲ್ಲಿ ಬಂದ ಕಾಂಪ್ಯಾಕ್ ಸಂಸ್ಥೆಯ ಐಪ್ಯಾಕ್, ೨೦೦೨ರಲ್ಲಿ ಬಂದ ಶಾರ್ಪ್ ಸಂಸ್ಥೆಯ ಜೌರಸ್ ಎಸ್‌ಎಲ್-೫೫೦೦ ಇವೆರಡೂ ಇದೇ ಸ್ಟ್ರಾಂಗ್‌ಆರ್ಮ್ ಪ್ರೊಸೆಸರನ್ನೇ, ಇದೇ ವೇಗದಲ್ಲಿ ಬಳಸಿದ್ದವು. ಪರದೆಯ ಚುಕ್ಕಿಗಳ ಸಂಖ್ಯೆಯೂ ಒಂದೇ. ಜೌರಸ್ ಕೂಡ ಲಿನಕ್ಸನ್ನೇ ನಡೆಸುತ್ತಿತ್ತು. ಆದುದರಿಂದ ಕೇವಲ ವೇಗವನ್ನು ಅಳೆದರೆ ಈ ಮೂರಕ್ಕೂ ಹೆಚ್ಚಿನ ಅಂತರ ಸಿಕ್ಕುವುದಿಲ್ಲ. ಸಿಂಪ್ಯೂಟರಿನ ವೈಶಿಷ್ಟ್ಯವೂ ಅದರ ನ್ಯೂನತೆಯೂ ಆ ಅಳತೆಯಲ್ಲಿ ಬೀಳುವುದಿಲ್ಲ.

ಲಿನಕ್ಸ್ ಆರಂಭವಾಗುವಾಗ ಪರದೆಯ ಮೇಲೆ 'ಬೋಗೊಮಿಪ್ಸ್' ಎಂಬ ಒಂದು ಸಂಖ್ಯೆ ಮೂಡುವುದುಂಟು. ಕೆಲವರು ಅದನ್ನು ಯಂತ್ರದ ಸಾಮರ್ಥ್ಯಸೂಚಕವೆಂದು ಭಾವಿಸಿ ಎರಡು ಯಂತ್ರಗಳನ್ನು ತೂಗುತ್ತಾರೆ. ಇದು ಸರಿಯಲ್ಲ. ಏನೂ ಮಾಡದೆ ಕಾಲ ಕಳೆಯುವ ಒಂದು ಸಣ್ಣ ಸುತ್ತನ್ನು ಪ್ರೊಸೆಸರ್ ಎಷ್ಟು ಬೇಗ ಸುತ್ತುತ್ತದೆಂಬುದಷ್ಟೇ ಆ ಸಂಖ್ಯೆಯ ಅರ್ಥ. ಕಾರ್ಯವ್ಯವಸ್ಥೆ ತನ್ನ ಒಳಗಿನ ಕಾಯುವಿಕೆಗಳನ್ನು ಸರಿಹೊಂದಿಸಿಕೊಳ್ಳಲು ಅದನ್ನು ಕಂಡುಕೊಳ್ಳುತ್ತದೆ. ಹುಸಿ ಅಳತೆಯೆಂಬ ಸೂಚನೆ ಅದರ ಹೆಸರಿನಲ್ಲಿಯೇ ಇದೆ.

ವೇಗದ ವಿಷಯದಲ್ಲಿ ಗಮನಿಸಬೇಕಾದ ನಿಜವಾದ ಮಿತಿ ಬೇರೆ. ದಶಮಾಂಶದ ಗಣಿತವನ್ನು ನೇರವಾಗಿ ಮಾಡುವ ಅಂಗ ಈ ಪ್ರೊಸೆಸರಿನಲ್ಲಿಲ್ಲ. ಪೂರ್ಣಾಂಕಗಳ ಗಣಿತವನ್ನೇ ಹಲವು ಸಲ ಮಾಡಿ ದಶಮಾಂಶದ ಉತ್ತರವನ್ನು ಕಟ್ಟಬೇಕಾಗುವುದರಿಂದ, ಅಂತಹ ಗಣಿತ ಹೆಚ್ಚಾಗಿರುವ ಕಾರ್ಯಗಳು ಹಲವು ಪಟ್ಟು ನಿಧಾನವಾಗುತ್ತವೆ. ಚಲಿಸುವ ಚಿತ್ರಗಳು, ದೊಡ್ಡ ಛಾಯಾಚಿತ್ರಗಳ ಸಂಸ್ಕರಣ ಇಂತಹ ಕಾರ್ಯಗಳು. ಆದರೆ ಪಹಣಿಯ ವಿವರವನ್ನು ತೋರಿಸುವುದು, ಸಾಲದ ಲೆಕ್ಕವನ್ನು ಬರೆದುಕೊಳ್ಳುವುದು, ಪಾಠವನ್ನು ಓದಿಹೇಳುವುದು ಇವಕ್ಕೆ ಪೂರ್ಣಾಂಕಗಳ ಗಣಿತವೇ ಸಾಕು. ಯಂತ್ರದ ಉದ್ದೇಶಕ್ಕೂ ಅದರ ಮಿತಿಗೂ ಇಲ್ಲಿ ಹೆಚ್ಚಿನ ವಿರೋಧವಿಲ್ಲ.

ಹಾಗಾದರೆ ವೇಗವನ್ನು ಅಳೆಯುವ ಸರಿಯಾದ ಕ್ರಮ ಯಾವುದು? ೧೯೬೮ರಷ್ಟು ಹಿಂದೆಯೇ ರಾಬರ್ಟ್ ಮಿಲ್ಲರ್ ಎಂಬ ವಿದ್ವಾಂಸ ಮನುಷ್ಯ ಮತ್ತು ಗಣಕಗಳ ಸಂವಾದದಲ್ಲಿ ಕಾಯುವಿಕೆಯ ಪರಿಣಾಮವನ್ನು ವಿವೇಚಿಸಿದ್ದನು. ಮುಟ್ಟಿದ ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಪ್ರತಿಕ್ರಿಯೆ ಬಂದರೆ ಅದು ತತ್‌ಕ್ಷಣವೆಂದು ತೋರುತ್ತದೆ. ಒಂದು ಸೆಕೆಂಡಿನವರೆಗೆ ಆಲೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ಮೀರಿದರೆ ಮನಸ್ಸು ಬೇರೆಡೆಗೆ ಹರಿಯುತ್ತದೆ. ಗಣಕವನ್ನು ಎಂದೂ ಕಾಣದ ಗ್ರಾಮಸ್ಥನಿಗೆ ಇದು ಇನ್ನೂ ಕಠಿಣವಾಗಿ ಅನ್ವಯಿಸುತ್ತದೆ. ಏಕೆಂದರೆ ಯಂತ್ರ ಕೆಲಸ ಮಾಡುತ್ತಿದೆಯೋ ಕೆಟ್ಟು ನಿಂತಿದೆಯೋ ಎಂಬುದನ್ನು ಅವನು ಅರಿಯಲಾರ. ಆದುದರಿಂದ ಪ್ರೊಸೆಸರಿನ ವೇಗಕ್ಕಿಂತ, ಕೇಳಿದ ಪ್ರಶ್ನೆಗೂ ತಿಳಿಯುವ ಭಾಷೆಯಲ್ಲಿ ಬಂದ ಉತ್ತರಕ್ಕೂ ನಡುವಣ ಒಟ್ಟು ಕಾಲವೇ ಇಂತಹ ಯಂತ್ರದ ನಿಜವಾದ ಕಾರ್ಯಕ್ಷಮತೆ. ಈ ಲೇಖನದ ಮುಂದಿನ ಪರಿಶೀಲನೆಗೆ ಇದನ್ನೇ ಮಾನದಂಡವಾಗಿ ಇಟ್ಟುಕೊಳ್ಳಲಾಗಿದೆ.

೪. ಪರದೆ ಮತ್ತು ಕನ್ನಡ ಅಕ್ಷರ

ಇಂಗ್ಲಿಷ್ ಅಕ್ಷರಗಳು ಸಾಲಾಗಿ ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ. ಕನ್ನಡದಲ್ಲಿ ತಲೆಕಟ್ಟು, ಗುಣಿತಚಿಹ್ನೆ, ಕೆಳಗಿನ ಒತ್ತು ಎಂದು ಅಕ್ಷರ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ೨೪೦ ಚುಕ್ಕಿ ಅಗಲ, ೩೨೦ ಚುಕ್ಕಿ ಎತ್ತರದ ಪರದೆಯಲ್ಲಿ ಇದರ ಪರಿಣಾಮವನ್ನು ಲೆಕ್ಕಹಾಕಿ ನೋಡಬಹುದು. ಇಂಗ್ಲಿಷ್ ಅಕ್ಷರಕ್ಕೆ ೮ ಚುಕ್ಕಿ ಅಗಲ, ೧೬ ಚುಕ್ಕಿ ಎತ್ತರ ಕೊಟ್ಟರೆ ೩೦ ಅಕ್ಷರಗಳ ೨೦ ಸಾಲುಗಳು, ಒಟ್ಟು ೬೦೦ ಅಕ್ಷರಗಳು ಹಿಡಿಯುತ್ತವೆ. ಕನ್ನಡಕ್ಕೆ ಒತ್ತಕ್ಷರವೂ ಕಣ್ಣಿಗೆ ತಿಳಿಯುವಂತಿರಬೇಕಾದರೆ ಸಾಲಿಗೆ ೨೮ ಚುಕ್ಕಿಯಷ್ಟು ಎತ್ತರವೂ ಅಕ್ಷರಕ್ಕೆ ಸುಮಾರು ೧೭ ಚುಕ್ಕಿ ಅಗಲವೂ ಬೇಕು. ಆಗ ಹಿಡಿಯುವುದು ೧೪ ಅಕ್ಷರಗಳ ೧೧ ಸಾಲು, ಎಂದರೆ ೧೫೪ ಅಕ್ಷರ.

ಕನ್ನಡದ ಒಂದು ಅಕ್ಷರ ಇಂಗ್ಲಿಷಿನ ಎರಡು ಮೂರು ಅಕ್ಷರಗಳ ಉಚ್ಚಾರಣೆಯನ್ನು ಹೊರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದರೂ, ಅದೇ ಪರದೆಯಲ್ಲಿ ಕನ್ನಡ ಓದುಗನಿಗೆ ದೊರೆಯುವುದು ಇಂಗ್ಲಿಷ್ ಓದುಗನಿಗೆ ದೊರೆಯುವುದರ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಓಲೆಗರಿಯ ಪರಿಚಯವುಳ್ಳವರಿಗೆ ಹೀಗೆ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ: ಎಂಟು ಸಾಲು, ಸಾಲಿಗೆ ಅರವತ್ತು ಅಕ್ಷರವಿರುವ ಗರಿಯ ಒಂದು ಮಗ್ಗುಲನ್ನು ಓದಲು ಈ ಪರದೆಯನ್ನು ಮೂರು ಬಾರಿಗಿಂತ ಹೆಚ್ಚು ಮಗುಚಬೇಕಾಗುತ್ತದೆ. ಒಂದು ಪಹಣಿಯ ವಿವರಕ್ಕೆ, ಒಂದು ಪಾಠದ ತುಣುಕಿಗೆ ಈ ಪರದೆ ಸಾಲುತ್ತದೆ. ನಿರಂತರವಾದ ಓದಿಗೆ ಸಾಲದು. ಯಂತ್ರವನ್ನು ಓರೆಮಾಡಿ ಪುಟ ಮಗುಚುವ ಸೌಲಭ್ಯದ ಬೆಲೆ ಇಲ್ಲಿ ತಿಳಿಯುತ್ತದೆ.

ಪರದೆಯ ಮಿತಿಯಿಂದ ಮೆಮೊರಿಯ ಮಿತಿಯನ್ನು ಬೇರ್ಪಡಿಸಿ ನೋಡಬೇಕು. ಇನ್ನೂರು ಗರಿಗಳ ಒಂದು ಓಲೆಗ್ರಂಥದಲ್ಲಿ ಮೇಲಿನ ಲೆಕ್ಕದಂತೆ ೧,೯೨,೦೦೦ ಅಕ್ಷರಗಳಿರುತ್ತವೆ. ಪ್ರತಿ ಅಕ್ಷರಕ್ಕೆ ಸರಾಸರಿ ಎರಡು ಸಂಕೇತಗಳೆಂದು ಭಾವಿಸಿ, ಇಂದು ಪ್ರಚುರವಾಗಿರುವ ಯೂನಿಕೋಡಿನ ಯು.ಟಿ.ಎಫ್.-೮ ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟಿನಂತೆ ಎಣಿಸಿದರೆ, ಇಡೀ ಗ್ರಂಥ ಸುಮಾರು ೧೧.೫ ಲಕ್ಷ ಬೈಟುಗಳಲ್ಲಿ ಅಡಗುತ್ತದೆ. ಸಂಕೇತಕ್ಕೆ ಒಂದೇ ಬೈಟು ಬೇಡುವ ೧೯೯೧ರ ಭಾರತೀಯ ಮಾನಕ 'ಇಸ್ಕಿ'ಯಲ್ಲಿಯಾದರೆ ಅದರ ಮೂರನೆಯ ಒಂದು ಪಾಲು ಸಾಕು. ೩೨ ಮೆಗಾಬೈಟಿನಲ್ಲಿ ಕಾರ್ಯವ್ಯವಸ್ಥೆಗೆ ಸೇರಿದ ಪಾಲನ್ನು ಕಳೆದರೂ ಇಂತಹ ಹಲವು ಗ್ರಂಥಗಳ ಪಾಠಕ್ಕೆ ಎಡೆಯುಂಟು. ಅದೇ ಗರಿಗಳ ಛಾಯಾಚಿತ್ರಗಳನ್ನು ಇಡಹೊರಟರೆ, ಮಗ್ಗುಲೊಂದಕ್ಕೆ ಅರ್ಧ ಮೆಗಾಬೈಟಿನಂತೆ ಹಿಡಿದರೂ ನಾನೂರು ಮಗ್ಗುಲುಗಳಿಗೆ ೨೦೦ ಮೆಗಾಬೈಟ್ ಬೇಕು. ಪಾಠಕ್ಕೆ ಸಮರ್ಥವಾದ ಯಂತ್ರ ಚಿತ್ರಕ್ಕೆ ಅಸಮರ್ಥವಾದುದು ಹೀಗೆ.

೫. ಬರೆಯುವ ಕಷ್ಟ, ಕೇಳುವ ಅನುಕೂಲ

ಪ್ರತ್ಯೇಕ ಕೀಲಿಮಣೆಯಿಲ್ಲದ ಯಂತ್ರದಲ್ಲಿ ಪರದೆಯ ಒಂದು ಭಾಗದಲ್ಲಿ ಅಕ್ಷರಗಳನ್ನು ಹರಡಿ ಒಂದೊಂದನ್ನೇ ಕಡ್ಡಿಯಿಂದ ಮುಟ್ಟಬೇಕು. 'ಸ್ತ್ರೀ' ಎಂಬುದು ಓದುವವನಿಗೆ ಒಂದೇ ಅಕ್ಷರ. ಬರೆಯುವವನಿಗೆ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಬಾರಿಯ ಮುಟ್ಟುವಿಕೆ. ಮೊದಲೇ ಕಿರಿದಾದ ಪರದೆಯ ಒಂದು ಪಾಲು ಅಕ್ಷರಮಾಲೆಗೆ ಹೋಗುವುದರಿಂದ ಬರೆದುದನ್ನು ನೋಡಲು ಉಳಿಯುವುದು ಕೆಲವೇ ಸಾಲುಗಳು. ಕಂಠದಿಂದ ಓಲೆಯ ಮೇಲೆ ಕೊರೆಯುತ್ತಿದ್ದ ಲಿಪಿಕಾರನ ಕೈ ಒಂದೇ ಓಟದಲ್ಲಿ ಮುಗಿಸುತ್ತಿದ್ದ ಒತ್ತಕ್ಷರವನ್ನು ಇಲ್ಲಿ ಬಿಡಿಸಿ ಬಿಡಿಸಿ ಕಟ್ಟಬೇಕಾಗುತ್ತದೆ. ಹೆಸರು, ಸಂಖ್ಯೆ, ಹೌದು ಅಲ್ಲ ಎಂಬ ಆಯ್ಕೆ ಇಷ್ಟನ್ನು ದಾಖಲಿಸಲು ಈ ಕ್ರಮ ಸಾಕು. ದೀರ್ಘ ಬರವಣಿಗೆಗೆ ಯೋಗ್ಯವಲ್ಲ.

ಬರೆಯುವಲ್ಲಿ ಇದ್ದ ಈ ಕೊರತೆಯನ್ನು ಕೇಳುವಲ್ಲಿ ತುಂಬಿಕೊಡುವ ಪ್ರಯತ್ನ ನಡೆಯಿತು. ಬರೆಹವನ್ನು ಮಾತಾಗಿಸುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರು ಇದಕ್ಕಾಗಿ ರೂಪಿಸಿದರು. ಅಕ್ಷರಗಳ ಉಚ್ಚಾರಣೆಯ ತುಣುಕುಗಳನ್ನು ಮೊದಲೇ ಧ್ವನಿಮುದ್ರಿಸಿ ಕೂಡಿಟ್ಟು, ಬೇಕಾದಾಗ ಅವನ್ನು ಒಂದಕ್ಕೊಂದು ಪೋಣಿಸುವುದು ಇದರ ತತ್ತ್ವ. ಈ ಕ್ರಮಕ್ಕೆ ಭಾರವಾದ ಗಣಿತ ಬೇಡ. ಆದುದರಿಂದ ೨೦೬ ಮೆಗಾಹರ್ಟ್ಸ್‌ನ ಪ್ರೊಸೆಸರಿಗೆ ಅದು ಹೊಂದುತ್ತದೆ.

ಇಲ್ಲಿ ಭಾಷೆಯ ಸ್ವಭಾವವೂ ಯಂತ್ರದ ಕಾರ್ಯಕ್ಷಮತೆಯ ಒಂದು ಅಂಗವಾಗುವುದು ಗಮನಾರ್ಹ. ಹಿಂದಿಯಲ್ಲಿ 'ರಾಮ' ಎಂದು ಬರೆದುದನ್ನು 'ರಾಮ್' ಎಂದು ಉಚ್ಚರಿಸಬೇಕು. ಪದದ ಕೊನೆಯ, ಕೆಲವೊಮ್ಮೆ ನಡುವಿನ ಅಕಾರ ಎಲ್ಲಿ ಲೋಪವಾಗುತ್ತದೆಂಬುದಕ್ಕೆ ಪ್ರತ್ಯೇಕ ನಿಯಮಗಳನ್ನು ಯಂತ್ರಕ್ಕೆ ಕಲಿಸಬೇಕು. ಕನ್ನಡದಲ್ಲಿ ಬರೆದ ಅಕಾರವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಆದುದರಿಂದ ಬರೆಹದಿಂದ ಉಚ್ಚಾರಣೆಗೆ ಹೋಗುವ ದಾರಿ ಕನ್ನಡದಲ್ಲಿ ಹತ್ತಿರ. ಹಾಗೆಂದು ದೋಷಗಳಿಲ್ಲವೆಂದಲ್ಲ. ತುಣುಕುಗಳನ್ನು ಪೋಣಿಸಿದ ಮಾತಿಗೆ ಏರಿಳಿತವಿರುವುದಿಲ್ಲ. ಪ್ರಶ್ನೆಯೂ ಆಜ್ಞೆಯೂ ಒಂದೇ ಧಾಟಿಯಲ್ಲಿ ಕೇಳುತ್ತವೆ. '೫೦೦' ಎಂಬ ಅಂಕಿಯನ್ನು 'ಐನೂರು' ಎಂದು ಓದಬೇಕೆಂಬುದನ್ನೂ, 'ಕಿ.ಮೀ.' ಎಂಬ ಸಂಕ್ಷೇಪವನ್ನು ಬಿಡಿಸಿ ಹೇಳಬೇಕೆಂಬುದನ್ನೂ ಬೇರೆಯಾಗಿಯೇ ತಿಳಿಸಬೇಕು. ಇಷ್ಟಾದರೂ ಓದು ಬಾರದವನಿಗೆ ಏರಿಳಿತವಿಲ್ಲದ ಮಾತು ಕೂಡ ಸುಂದರವಾದ ಅಕ್ಷರಕ್ಕಿಂತ ಹೆಚ್ಚು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ.

೬. ಹಂಚಿಕೊಂಡು ಬಳಸುವ ಕ್ರಮ

ಅಂಗೈ ಗಣಕಗಳೆಲ್ಲ ಒಬ್ಬನೇ ಒಡೆಯನನ್ನು ಕಲ್ಪಿಸಿಕೊಂಡು ನಿರ್ಮಿತವಾದವು. ಸಿಂಪ್ಯೂಟರ್ ಇದಕ್ಕೆ ಅಪವಾದ. ಪ್ರತಿಯೊಬ್ಬ ಬಳಕೆದಾರನ ಬಳಿ ಒಂದು ಸ್ಮಾರ್ಟ್ ಕಾರ್ಡ್ ಇರುತ್ತದೆ. ಅವನ ವಿವರಗಳು ಅದರಲ್ಲಿರುತ್ತವೆ. ಕಾರ್ಡನ್ನು ಸೇರಿಸಿದಾಗ ಯಂತ್ರ ಅವನದಾಗುತ್ತದೆ. ತೆಗೆದಾಗ ಮುಂದಿನವನಿಗೆ ಸಿದ್ಧವಾಗುತ್ತದೆ. ಕಾರ್ಡಿನ ಬೆಲೆ ಯಂತ್ರದ ಬೆಲೆಯ ಒಂದು ಅಲ್ಪಾಂಶ. ನೂರು ಮಂದಿ ಹಂಚಿಕೊಂಡರೆ ಹತ್ತು ಸಾವಿರದ ಯಂತ್ರ ತಲೆಗೆ ನೂರು ರೂಪಾಯಿಯಷ್ಟಾಗುತ್ತದೆಂಬ ಲೆಕ್ಕ ಇದರ ಹಿಂದಿತ್ತು.

ಆದರೆ ಈ ಲೆಕ್ಕದಲ್ಲಿ ಕಾಲದ ಅಂಶ ಸೇರಿಲ್ಲ. ಒಬ್ಬನ ಕೆಲಸಕ್ಕೆ ಹತ್ತು ನಿಮಿಷವಾದರೆ ಗಂಟೆಗೆ ಆರು ಮಂದಿ. ನೂರು ಮಂದಿಗೆ ಹದಿನಾರು ಗಂಟೆಗಳಿಗೂ ಹೆಚ್ಚು. ಮೂಲ ವಿನ್ಯಾಸದಲ್ಲಿದ್ದುದು ಮತ್ತೆ ಮತ್ತೆ ತುಂಬಬಹುದಾದ ಮೂರು ಸಣ್ಣ ಬ್ಯಾಟರಿ ಕೋಶಗಳು. ಒಂದೊಂದು ೧.೨ ವೋಲ್ಟಿನದು, ಅಂತಹ ಕೋಶದ ಸಾಮರ್ಥ್ಯವನ್ನು ೭೦೦ ಮಿಲಿಆಂಪಿಯರ್ ಗಂಟೆಯೆಂದು ಹಿಡಿದರೆ ಮೂರರಿಂದ ದೊರೆಯುವುದು ಸುಮಾರು ೨.೫ ವಾಟ್ ಗಂಟೆ. ಯಂತ್ರ ಸರಾಸರಿ ಅರ್ಧ ವಾಟ್ ಬಳಸಿದರೆ ಐದು ಗಂಟೆ, ಒಂದು ವಾಟ್ ಬಳಸಿದರೆ ಎರಡೂವರೆ ಗಂಟೆ ನಡೆಯಬಹುದು. ಪರದೆಯ ದೀಪ, ಮೋಡೆಮ್, ಧ್ವನಿ ಮೂರೂ ಕೂಡಿದರೆ ಬಳಕೆ ಎರಡನೆಯ ಲೆಕ್ಕದ ಕಡೆಗೇ ವಾಲುತ್ತದೆ. ವಿದ್ಯುತ್ತು ಯಾವಾಗ ಬರುತ್ತದೆಂಬುದು ಖಚಿತವಿಲ್ಲದ ಊರಿನಲ್ಲಿ ಹಂಚಿಕೆಯ ಯೋಜನೆಗೆ ಪ್ರೊಸೆಸರಿಗಿಂತ ಬ್ಯಾಟರಿಯೇ ಬಿಗಿಯಾದ ಕಟ್ಟಾಗುತ್ತದೆ.

ಇದೇ ಮಾತು ದೂರವಾಣಿ ತಂತಿಗೂ ಸಲ್ಲುತ್ತದೆ. ಎರಡು ಸಾವಿರ ಅಕ್ಷರಗಳ ಒಂದು ಮಾರುಕಟ್ಟೆ ದರಪಟ್ಟಿ ಮೇಲಿನ ಯೂನಿಕೋಡ್ ಲೆಕ್ಕದಂತೆ ೧೨,೦೦೦ ಬೈಟ್. ಸೆಕೆಂಡಿಗೆ ೯,೬೦೦ ಬಿಟ್ ಸಾಗಿಸುವ ಸಾಧಾರಣ ತಂತಿಯಲ್ಲಿ ಅದು ಬರಲು ಹತ್ತು ಸೆಕೆಂಡು. ಒಂದು ಲಕ್ಷ ಬೈಟಿನ ಚಿತ್ರವಾದರೆ ಎಂಬತ್ತು ಸೆಕೆಂಡಿಗೂ ಹೆಚ್ಚು. ಪ್ರೊಸೆಸರನ್ನು ಎರಡು ಪಟ್ಟು ವೇಗಗೊಳಿಸಿದರೂ ಈ ಕಾಯುವಿಕೆ ಒಂದು ಸೆಕೆಂಡೂ ಕಡಿಮೆಯಾಗುವುದಿಲ್ಲ.

೭. ಫಲ ಮತ್ತು ಅದರ ಕಾರಣ

ಆರಂಭದಲ್ಲಿ ಸುಮಾರು ಒಂಬತ್ತು ಸಾವಿರ ರೂಪಾಯಿಗಳಿಗೆ ಯಂತ್ರವನ್ನು ಒದಗಿಸಬೇಕೆಂಬ ಗುರಿಯಿತ್ತು. ೨೦೦೪ರಲ್ಲಿ ಬಣ್ಣವಿಲ್ಲದ ಪರದೆಯ ಅಗ್ಗದ ಮಾದರಿಗೆ ಹತ್ತು ಸಾವಿರದ ಆಸುಪಾಸು ಬೆಲೆಯಾಯಿತು. ಬಣ್ಣದ ಪರದೆಯ ಮಾದರಿಗೆ ಅದಕ್ಕಿಂತ ಬಹಳ ಹೆಚ್ಚು. ಮೊದಲ ವರ್ಷದಲ್ಲಿ ಮಾರಾಟವಾದವು ಸುಮಾರು ನಾಲ್ಕು ಸಾವಿರ. ಯಂತ್ರ ಬಳಕೆಗೆ ಬಂದುದು ಹೆಚ್ಚಾಗಿ ಸರಕಾರದ ಮತ್ತು ಸಂಸ್ಥೆಗಳ ಕಾರ್ಯಗಳಲ್ಲಿ: ಕರ್ನಾಟಕದಲ್ಲಿ ಭೂದಾಖಲೆಗಳ ಕೆಲಸ, ಕಿರುಸಾಲದ ಲೆಕ್ಕ, ಛತ್ತೀಸಗಢದ ಶಾಲೆಗಳಲ್ಲಿ ಪಾಠದ ಪ್ರಯೋಗ ಇತ್ಯಾದಿ. ಇವೆಲ್ಲ ಕೆಲವೇ ವಿವರಗಳನ್ನು ಸ್ಥಳದಲ್ಲಿಯೇ ದಾಖಲಿಸುವ ಅಥವಾ ಸಣ್ಣ ಪಾಠವನ್ನು ತೋರಿಸುವ ಕೆಲಸಗಳೆಂಬುದು ಗಮನಾರ್ಹ. ಮೇಲಿನ ಪರಿಶೀಲನೆಯಲ್ಲಿ ಯಂತ್ರ ಯಾವುದಕ್ಕೆ ಯೋಗ್ಯವೆಂದು ಕಂಡುಬಂದಿತೋ ಅದಕ್ಕೇ ಅದು ಬಳಕೆಯಾಯಿತು. ಆದರೆ ಯಾವ ಗ್ರಾಮಸ್ಥನಿಗಾಗಿ ಅದು ಹುಟ್ಟಿತೋ ಅವನ ಕೈಯನ್ನು ಅದು ಹೆಚ್ಚಾಗಿ ಮುಟ್ಟಲಿಲ್ಲ.

ಈ ವಿಫಲತೆಯ ಕಾರಣವನ್ನು ಮೇಲೆ ಹೇಳಿದ ಮಾನದಂಡದಿಂದಲೇ ಕಾಣಬಹುದು. ೨೦೦೩ರ ಮೇ ತಿಂಗಳಿನಿಂದ ಭಾರತದಲ್ಲಿ ಮೊಬೈಲ್ ದೂರವಾಣಿಗೆ ಒಳಬರುವ ಕರೆಗಳು ಉಚಿತವಾದವು. ಅದೇ ವರ್ಷ ನೋಕಿಯಾ ೧೧೦೦ದಂತಹ ಅಗ್ಗದ, ಗಟ್ಟಿಮುಟ್ಟಾದ ಮೊಬೈಲ್ ಬಂದಿತು. ಅದರಲ್ಲಿ ಲಿನಕ್ಸ್ ಇರಲಿಲ್ಲ, ಮುಟ್ಟುವ ಪರದೆಯಿರಲಿಲ್ಲ, ಸ್ಮಾರ್ಟ್ ಕಾರ್ಡಿನ ಸೌಲಭ್ಯವಿರಲಿಲ್ಲ. ಸಾಮರ್ಥ್ಯದ ಯಾವ ಅಳತೆಯಲ್ಲಿಯೂ ಅದು ಸಿಂಪ್ಯೂಟರಿಗೆ ಸಮನಲ್ಲ. ಆದರೆ ರೈತನೊಬ್ಬ 'ಇವತ್ತು ಈರುಳ್ಳಿಯ ಧಾರಣೆ ಎಷ್ಟು?' ಎಂದು ಮಂಡಿಯಲ್ಲಿರುವ ಪರಿಚಯದವನನ್ನು ಕೇಳಿದರೆ, ಉತ್ತರ ಅವನ ಕನ್ನಡದಲ್ಲಿ, ಅವನ ಊರಿನ ಧಾಟಿಯಲ್ಲಿ, ಅರ್ಧ ನಿಮಿಷದೊಳಗೆ ಬರುತ್ತಿತ್ತು. ಅಕ್ಷರ ಹೊಂದಿಸುವ, ದತ್ತಾಂಶ ತುಂಬುವ, ಅದನ್ನು ದಿನವೂ ನವೀಕರಿಸುವ ಕಷ್ಟ ಯಾರಿಗೂ ಇರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವಣ ಕಾಲವೇ ಕಾರ್ಯಕ್ಷಮತೆಯೆಂದು ಒಪ್ಪಿದರೆ, ದುರ್ಬಲವಾದ ಯಂತ್ರವೇ ಇಲ್ಲಿ ಸಮರ್ಥವಾದುದು.

ಸಿಂಪ್ಯೂಟರಿಗೆ ಕೊರತೆಯಾದದ್ದು ಪ್ರೊಸೆಸರಿನ ವೇಗವಲ್ಲ. ಅದರೊಳಗೆ ಇರಬೇಕಾಗಿದ್ದ ಕನ್ನಡದ ಮಾಹಿತಿ, ಅದನ್ನು ತಂದುಕೊಡುವ ತಂತಿ, ಅದನ್ನು ನಡೆಸುವ ವಿದ್ಯುತ್ತು, ಕೊಳ್ಳಬೇಕಾದ ಪಂಚಾಯಿತಿಯ ಹಣ. ಕಪಾಟು ಸಿದ್ಧವಾಯಿತು, ಗ್ರಂಥಗಳು ಬರಲಿಲ್ಲ.

೮. ಉಳಿದುದೇನು

ಆದರೂ ದೂರವಾಣಿಯ ಮಾತು ದಾಖಲೆಯನ್ನು ಉಳಿಸುವುದಿಲ್ಲ. ಪಹಣಿಯನ್ನು ತೋರಿಸಲು, ಸಾಲದ ಲೆಕ್ಕವನ್ನು ಸಾಕ್ಷಿಗಿಡಲು, ಪಾಠವನ್ನು ಮತ್ತೆ ಮತ್ತೆ ಓದಲು ಗಣಕವೇ ಬೇಕು. ೨೦೦೮ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಮೊಬೈಲುಗಳ ಒಳತಿರುಳು ಲಿನಕ್ಸೇ ಆದುದರಿಂದ, ಅಂಗೈಯಗಲದ ಲಿನಕ್ಸ್ ಗಣಕ ಎಂಬ ಕಲ್ಪನೆ ಕೊನೆಗೂ ಹಳ್ಳಿಗಳನ್ನು ತಲಪಿತೆಂದು ಹೇಳಬಹುದು. ಆದರೆ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಬೆಂಬಲ ಸೇರಿದ್ದು ೨೦೧೨ರ ಆವೃತ್ತಿಯಲ್ಲಿ. ೨೦೦೪ರ ಒಂದು ಸಣ್ಣ ಯಂತ್ರ ಕನ್ನಡಕ್ಕೆ ಕೊಟ್ಟ ಸ್ಥಾನವನ್ನು ಅದಕ್ಕಿಂತ ಎಷ್ಟೋ ಪಟ್ಟು ವೇಗದ ಯಂತ್ರಗಳು ಎಂಟು ವರ್ಷಗಳ ಅನಂತರ ಕೊಟ್ಟವು. ವೇಗವೂ ಉಪಯುಕ್ತತೆಯೂ ಜೊತೆಜೊತೆಯಾಗಿ ಬೆಳೆಯುತ್ತವೆಂಬ ನಂಬಿಕೆಗೆ ಇದಕ್ಕಿಂತ ಬಲವಾದ ಬಾಧಕ ಬೇಕಿಲ್ಲ.

ಇಂದು ರಾಸ್ಪ್‌ಬೆರಿ ಪೈ ಮುಂತಾದ ಕಿರು ಲಿನಕ್ಸ್ ಗಣಕಗಳು ದೊರೆಯುತ್ತವೆ. ೨೦೨೧ರಲ್ಲಿ ೧೫ ಡಾಲರಿಗೆ ಬಿಡುಗಡೆಯಾದ ಜೀರೊ ೨ ಡಬ್ಲ್ಯು ಎಂಬ ಮಾದರಿಯಲ್ಲಿ ಒಂದು ಗಿಗಾಹರ್ಟ್ಸ್ ವೇಗದ ನಾಲ್ಕು ತಿರುಳುಗಳ ಪ್ರೊಸೆಸರೂ ೫೧೨ ಮೆಗಾಬೈಟ್ ಮೆಮೊರಿಯೂ ಇವೆ. ಸಿಂಪ್ಯೂಟರಿನ ನಿರ್ಮಾತೃಗಳಿಗೆ ಇದು ಕನಸಾಗಿದ್ದಿರಬೇಕು. ಆದರೆ ಆ ಫಲಕಕ್ಕೆ ಪರದೆಯಿಲ್ಲ, ಬ್ಯಾಟರಿಯಿಲ್ಲ, ಧ್ವನಿಯ ಪೆಟ್ಟಿಗೆಯಿಲ್ಲ. ಅವನ್ನೆಲ್ಲ ಜೋಡಿಸಿ, ಕನ್ನಡದ ಸಾಮಗ್ರಿಯನ್ನು ತುಂಬಿ, ಒಬ್ಬ ಹಳ್ಳಿಗನ ಕೈಗೆ ಕೊಟ್ಟು ಅವನ ಪ್ರಶ್ನೆಗೆ ಉತ್ತರ ಎಷ್ಟು ಹೊತ್ತಿ‌ನಲ್ಲಿ ಬಂದಿತೆಂದು ನೋಡಿದಲ್ಲದೆ ಅದರ ಕಾರ್ಯಕ್ಷಮತೆಯನ್ನು ಹೇಳಲು ಬರುವುದಿಲ್ಲ.

ಮೇಲಿನ ವಿವೇಚನೆಯಿಂದ ಅಂಗೈ ಗಣಕವನ್ನು ಪರೀಕ್ಷಿಸುವವರು ಐದು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕೆಂದು ಸಿದ್ಧವಾಗುತ್ತದೆ. ಬಳಸುವವನು ಯಾರು? ಅವನ ಲಿಪಿ ಪರದೆಯಲ್ಲಿ ಎಷ್ಟು ಹಿಡಿಯುತ್ತದೆ? ಓದಲಾರದವನಿಗೆ ಅದು ಓದಿಹೇಳುತ್ತದೆಯೆ? ಬ್ಯಾಟರಿ ಒಂದು ದಿನದ ಕೆಲಸಕ್ಕೆ ಸಾಲುತ್ತದೆಯೆ? ಅವನಿಗೆ ಬೇಕಾದ ಮಾಹಿತಿ ಅವನ ಭಾಷೆಯಲ್ಲಿ ಅದರೊಳಗೆ ಇದೆಯೆ? ಪ್ರೊಸೆಸರಿನ ವೇಗದ ಪ್ರಶ್ನೆ ಇವೆಲ್ಲಕ್ಕೂ ಅನಂತರದ್ದು.

ಸಿಂಪ್ಯೂಟರ್ ಈ ಐದರಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ತನ್ನ ಕಾಲದ ಇತರ ಅಂಗೈ ಗಣಕಗಳು ಕೊಡದ ಉತ್ತರವನ್ನು ಕೊಟ್ಟಿತು. ಎರಡನೆಯದಕ್ಕೆ ಮಧ್ಯಮ ಉತ್ತರ. ನಾಲ್ಕು ಮತ್ತು ಐದರಲ್ಲಿ ಸೋತಿತು. ಅದರ ನಿರ್ಮಾಣ ನಿಂತುಹೋಯಿತು. ಆದರೆ 'ಧ್ವನಿ' ತಂತ್ರಾಂಶದ ಮೂಲಲೇಖ ಬಹಿರಂಗವಾಗಿದ್ದುದರಿಂದ ಅದು ಬೇರೆಯವರ ಕೈಸೇರಿ, ತಿದ್ದುಪಡಿಗೊಂಡು, ಇನ್ನೂ ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿತು. ಓಲೆ ಶಿಥಿಲವಾದರೂ ಪ್ರತಿ ಮಾಡಿಕೊಂಡವರಿದ್ದರೆ ಪಾಠ ಉಳಿಯುತ್ತದೆ. ಪ್ರತಿ ಮಾಡಿಕೊಳ್ಳಲು ಬಿಟ್ಟದ್ದೇ ಆ ಯಂತ್ರದ ಗುಣಗಳಲ್ಲಿ ದೀರ್ಘಕಾಲ ನಿಂತದ್ದು ಎಂದು ನಿರ್ಣಯಿಸಬಹುದು.